ಕೆಮ್ಮಿದರೆ ಮೂತ್ರ ಸೋರುತ್ತದಾ? ಇಂಜೆಕ್ಷನ್‌ನಿಂದ ಎಷ್ಟು ಉಪಯೋಗ?

(ನಿರೂಪಕಿ ಕ್ಯಾಮೆರಾ ಮುಂದೆ)

ಕೆಮ್ಮಿದಾಗ, ಸೀನಿದಾಗ, ತುಂಬಿದ ಬಿಂದಿಗೆ ಎತ್ತಿದಾಗ ನಾಲ್ಕು ಹನಿ ಮೂತ್ರ ಸೋರುತ್ತದೆ. ಹೆರಿಗೆಯಾದವರಲ್ಲಿ, ಮುಟ್ಟು ನಿಂತವರಲ್ಲಿ ಇದು ಜಾಸ್ತಿ. 'ವಯಸ್ಸಾಯ್ತಲ್ಲ, ಇದ್ದಿದ್ದೇ' ಅಂತ ಪ್ಯಾಡ್ ಇಟ್ಟುಕೊಂಡು ಸುಮ್ಮನಾಗಬೇಡಿ. ಇದಕ್ಕೆ ಇಂಜೆಕ್ಷನ್ ಕೂಡ ಇದೆ.

ಬೊಟಾಕ್ಸ್ ತಾನೇ ಅಂತೀರಾ? ಅಲ್ಲ. ತಟ್ಟನೆ ಅವಸರವಾಗಿ, ಬಚ್ಚಲು ತಲುಪುವಷ್ಟರಲ್ಲಿ ಸೋರುವವರಿಗೆ ಮೂತ್ರಕೋಶದ ಗೋಡೆಗೆ ಕೊಡುವುದು ಬೊಟಾಕ್ಸ್. ಆ ತೊಂದರೆಯೇ ಬೇರೆ.

(ಆನಿಮೇಷನ್: ಮೂತ್ರಕೋಶ, ಅದರ ಕೆಳಗೆ ಮೂತ್ರನಾಳ)

ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ. ಅದರ ಬಿಗಿ ಸಡಿಲವಾದರೆ ಕೆಮ್ಮಿನ ಒತ್ತಡ ತಡೆಯುವುದಿಲ್ಲ. ಡಾಕ್ಟರು ಸಣ್ಣ ಕ್ಯಾಮೆರಾ ಕೊಳವೆಯಲ್ಲಿ ನೋಡುತ್ತಾ, ನಾಳದ ಒಳಪದರದ ಅಡಿಗೆ ಮೂರ್ನಾಲ್ಕು ಕಡೆ ಜೆಲ್ ತುಂಬುತ್ತಾರೆ. ಅದು ಪುಟ್ಟ ದಿಂಬಿನ ಹಾಗೆ ಉಬ್ಬಿ ನಾಳವನ್ನು ಮುಚ್ಚಿ ಹಿಡಿಯುತ್ತದೆ. ಕೊಯ್ಯುವುದಿಲ್ಲ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಔಷಧಿ ಕೊಟ್ಟು ಮಾಡಬಹುದು. ಸಾಮಾನ್ಯವಾಗಿ ಅವತ್ತೇ ಮನೆಗೆ.

ಹಿಂದೆ ಇದಕ್ಕೆ ಟೆಫ್ಲಾನ್ ಪೇಸ್ಟ್ ಬಳಸುತ್ತಿದ್ದರು. ಹೌದು, ದೋಸೆ ತವಾದ ಟೆಫ್ಲಾನೇ! ಅದರ ಕಣಗಳು ದೇಹದ ಬೇರೆ ಭಾಗಕ್ಕೆ ಹರಿದುಹೋಗುತ್ತಿದ್ದವು. ಆಮೇಲೆ ಹಸುವಿನ ಕೊಲಾಜೆನ್ ಬಂತು. ಮೊದಲು ಅಲರ್ಜಿ ಪರೀಕ್ಷೆ ಮಾಡಬೇಕಿತ್ತು, ದೇಹ ಅದನ್ನು ಕರಗಿಸಿಬಿಡುತ್ತಿತ್ತು. ಈಗ ಹೆಚ್ಚು ಕೇಳಿಬರುವ ಹೆಸರು ಬಲ್ಕಮಿಡ್. ಅದರಲ್ಲಿ 97.5% ನೀರು, ಉಳಿದದ್ದು ಪಾಲಿಅಕ್ರಿಲಮೈಡ್ ಅನ್ನುವ ಕೃತಕ ಪಾಲಿಮರ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಒಪ್ಪಿಗೆ ಕೊಟ್ಟಿತು.

(ಪರದೆ ಮೇಲೆ: 95% – 60%)

ಎಷ್ಟು ಕೆಲಸ ಮಾಡುತ್ತದೆ? ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ 224 ಹೆಂಗಸರ ಮೇಲೆ ಅಧ್ಯಯನ ನಡೆಯಿತು. ಕೆಲವರಿಗೆ ಮೂತ್ರನಾಳದ ಕೆಳಗೆ ಮೆಶ್ ಪಟ್ಟಿ, ಅಂದರೆ ಬಲೆಯಂಥ ಪಟ್ಟಿ, ಹಾಕುವ ಆಪರೇಷನ್, ಉಳಿದವರಿಗೆ ಈ ಜೆಲ್. ವರ್ಷದ ನಂತರ ತೃಪ್ತಿಯಾಗಿದೆ ಅಂದವರು ಪಟ್ಟಿಯವರಲ್ಲಿ 95%, ಜೆಲ್‌ನವರಲ್ಲಿ ಸುಮಾರು 60%. ಆದರೆ ತೊಡಕುಗಳು ಹೆಚ್ಚಾಗಿ ಬಂದದ್ದು ಪಟ್ಟಿ ಹಾಕಿಸಿಕೊಂಡವರಲ್ಲಿ. ಆಪರೇಷನ್ ಬೇಡ ಅನ್ನುವವರಿಗೆ, ಅದನ್ನು ತಡೆದುಕೊಳ್ಳಲಾಗದ ವಯಸ್ಸಾದವರಿಗೆ ಜೆಲ್ ಒಳ್ಳೆಯ ದಾರಿ ಅಂತ ನನಗನಿಸುತ್ತದೆ. 'ಒಂದೇ ಇಂಜೆಕ್ಷನ್, ಪೂರ್ತಿ ವಾಸಿ' ಅನ್ನುವ ಜಾಹೀರಾತು ನಂಬಬೇಡಿ. ಎಷ್ಟೋ ಜನಕ್ಕೆ ಇನ್ನೊಂದು ಸಲ ಬೇಕಾಗುತ್ತದೆ. ಕೆಲವು ದಿನ ಉರಿ, ಮೂತ್ರದ ಸೋಂಕು, ತಾತ್ಕಾಲಿಕವಾಗಿ ಮೂತ್ರ ಕಟ್ಟಿಕೊಳ್ಳುವುದು ಇವೂ ಆಗಬಹುದು.

ಇಂಜೆಕ್ಷನ್‌ಗೂ ಮುಂಚೆ ಕನಿಷ್ಠ ಮೂರು ತಿಂಗಳು, ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮ ಮಾಡಿ ನೋಡಿ, ಫಿಸಿಯೋಥೆರಪಿಸ್ಟ್ ಹತ್ತಿರ ಸರಿಯಾಗಿ ಕಲಿತು. ಸುಮ್ನೆ ಹೊಟ್ಟೆ ಬಿಗಿಹಿಡಿದರೆ ಉಪಯೋಗವಿಲ್ಲ.

ಇಂಜೆಕ್ಷನ್ ಹಾಕಿಸಿಕೊಂಡರೆ ಯಾವ ಜೆಲ್, ಎಷ್ಟು ಅಂತ ಚೀಟಿಯಲ್ಲಿ ಬರೆಸಿಕೊಂಡು ಜೋಪಾನವಾಗಿಡಿ. ಮುಂದೆ ಯಾವುದೋ ಸ್ಕ್ಯಾನ್‌ನಲ್ಲಿ ಅದು ಗಡ್ಡೆಯ ಹಾಗೆ ಕಂಡೀತು. ಚೀಟಿ ಇದ್ದರೆ ಡಾಕ್ಟರಿಗೂ ಗೊಂದಲವಿಲ್ಲ, ನಿಮಗೂ ಗಾಬರಿಯಿಲ್ಲ.