ಎಷ್ಟು ಸುಸ್ತಾಯ್ತು ಅಂತ ಕೇಳಿದ್ರಾ?

ಎಲ್ಲರಿಗೂ ನಮಸ್ಕಾರ. ನನಗೆ 25 ನಿಮಿಷ ಅಂದಿದ್ದರು. ಸ್ವಾಗತ, ಹಾರ, ಶಾಲು ಸೇರಿ ಅದರಲ್ಲಿ 8 ಆಗಲೇ ಹೋಗಿದೆ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ: ಸುಸ್ತನ್ನು ಅಳೆಯುವುದು ಹೇಗೆ.

ನಾಡಿ ತೋರಿಸುವ ವಾಚ್ ಕಟ್ಟಿದವರು ಕೈ ಎತ್ತಿ. ನೋಡಿ, ಮುಂದಿನ ಎರಡು ಸಾಲಿನಲ್ಲೇ ಹತ್ತು ಹನ್ನೆರಡು ಕೈ! ನನ್ನ ಹತ್ತಿರವೂ ಒಂದಿತ್ತು. ಮಗ ಕೊಡಿಸಿದ್ದು. ಈಗ ಅದು ಬೀರುವಿನಲ್ಲಿದೆ. ಯಾಕೆ ಅಂತ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಬಿಪಿ ಅಂತ ಡಾಕ್ಟರ್ ಒಂದು ಮಾತ್ರೆ ಶುರು ಮಾಡಿದರು. ಬೀಟಾ ಬ್ಲಾಕರ್ ಅನ್ನುತ್ತಾರೆ. ನಿಮ್ಮಲ್ಲೂ ಕೆಲವರು ನುಂಗುತ್ತಿರಬಹುದು. ಅದು ನಾಡಿ ಜಾಸ್ತಿ ಏರದಂತೆ ಹಿಡಿದಿಡುತ್ತದೆ. ಆ ಡಿಸೆಂಬರಿನಲ್ಲಿ ಹಳೆ ವಿದ್ಯಾರ್ಥಿಗಳ ಜೊತೆ ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಲು ಹೋದೆ. 1748 ಮೀಟರ್. ಕೊನೆಯ ಏರು ಹೇಗಿದೆ ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನನಗೆ ಉಸಿರು ಬಾಯಿಗೆ ಬಂದಿದೆ, ತೊಡೆ ನಡುಗುತ್ತಿದೆ. ವಾಚ್ ನೋಡಿದರೆ 104! 'ಸಾರ್, ನೀವಿನ್ನೂ ವಾರ್ಮ್ ಅಪ್‌ನಲ್ಲೇ ಇದ್ದೀರಿ' ಅಂದ ಒಬ್ಬ. ನಾನೂ ಪೆದ್ದ. ವಾಚ್ ನಂಬಿ ಜೋರಾಗಿ ಕಾಲು ಹಾಕಿದೆ. ನೂರು ಹೆಜ್ಜೆ ಆಗಿರಲಿಲ್ಲ, ಕಣ್ಣು ಕತ್ತಲೆ ಬಂತು. ಹುಡುಗರು ಕಲ್ಲಿನ ಮೇಲೆ ಕೂರಿಸಿ, ಕಿತ್ತಳೆ ಸುಲಿದು ಒಂದೊಂದೇ ತೊಳೆ ಬಾಯಿಗಿಟ್ಟರು. 34 ವರ್ಷ ಪಿ.ಟಿ. ಮಾಷ್ಟ್ರಾಗಿ ಇಡೀ ತಾಲ್ಲೂಕನ್ನು ಓಡಿಸಿದವನಿಗೆ ಈ ಸ್ಥಿತಿ.

ಇಳಿದು ಬಂದ ಮೇಲೆ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. 'ಸುಸ್ತಾಗ್ತಾ ಇದೆ ಅಂತ ನಿಮಗೆ ಗೊತ್ತಾಗಲಿಲ್ವಾ?' ಗೊತ್ತಾಗಿತ್ತು ಸ್ವಾಮಿ. ಕೈಯಲ್ಲಿದ್ದ ಡಬ್ಬಿ ಬೇರೆ ಹೇಳ್ತಿತ್ತು.

ಸುಸ್ತಿಗೂ ಒಂದು ಅಳತೆ ಇದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ಇದನ್ನು ಕಟ್ಟಿದರು. 6ರಿಂದ 20ರವರೆಗಿನ ಒಂದು ಪಟ್ಟಿ. 6 ಅಂದರೆ ಸುಮ್ನೆ ಕೂತ ಹಾಗೆ. 13 ಅಂದರೆ ಸ್ವಲ್ಪ ಕಷ್ಟ. 17 ತುಂಬ ಕಷ್ಟ. 20 ಅಂದರೆ ಇನ್ನು ಒಂದು ಹೆಜ್ಜೆಯೂ ಆಗದು. ಕೆಲಸ ಮಾಡುತ್ತಿರುವವನನ್ನೇ ಕೇಳಬೇಕು, ಅವನು ಒಂದು ನಂಬರ್ ಹೇಳಬೇಕು. ಅಷ್ಟೇ. ಬೋರ್ಗ್ ಅವರಿಗಿಂತ ಮುಂಚೆ ದಣಿವನ್ನು ಅಳೆದವರು ಇಲ್ಲದೇ ಇಲ್ಲ. ಇಟಲಿಯ ಆಂಜೆಲೊ ಮೊಸ್ಸೊ ಬೆರಳಿಗೆ ತೂಕ ಕಟ್ಟಿ ಎತ್ತಿಸಿ ಎತ್ತಿಸಿ, ಯಾವಾಗ ಸೋಲುತ್ತದೆ ಅಂತ ಗೆರೆ ಎಳೆಯುವ ಯಂತ್ರವನ್ನೇ ಮಾಡಿದ್ದರು. 1891ರಲ್ಲಿ ದಣಿವಿನ ಮೇಲೆ ಪುಸ್ತಕವನ್ನೂ ಬರೆದರು. ವಿದ್ಯಾರ್ಥಿಗಳ ಪರೀಕ್ಷೆ ನಡೆಸಿ ಬಂದ ಸಹೋದ್ಯೋಗಿಯ ಬೆರಳು ಬೇಗ ಸೋತಿತ್ತಂತೆ! ಮಾಷ್ಟ್ರುಗಳು ಕೂತಲ್ಲೇ ಸಂಬಳ ತಗೊಳ್ತಾರೆ ಅನ್ನುವವರು ಇದನ್ನು ಬರೆದಿಟ್ಟುಕೊಳ್ಳಿ.

ಈಗ ತೋಟಕ್ಕೆ ಬರುತ್ತೇನೆ. ನನ್ನ ಸ್ನೇಹಿತರ ತೋಟ, ರೊಬಸ್ಟಾ ಕಾಫಿ ಕೊಯ್ಲಿನ ಸಮಯ. ನಾನು ಸ್ಟಾಪ್‌ವಾಚ್ ಹಿಡಿದು ಬೋರ್ಗ್ ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಒಬ್ಬ ಅಕ್ಕ, ಐವತ್ತರ ಆಸುಪಾಸು, ಕೊಯ್ದ ಹಣ್ಣಿನ ಚೀಲವನ್ನು ತಲೆ ಮೇಲಿಟ್ಟು ಏರು ಹತ್ತಿ ತೂಕದ ಜಾಗಕ್ಕೆ ತಂದರು. ಪಟ್ಟಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅಂದರು, 'ಎಂತ ಮಾಷ್ಟ್ರೇ, ಆರರಿಂದ ಯಾಕೆ ಶುರು? ಒಂದರಿಂದ ಐದು ರೈಟರ್ ಹಿಡ್ಕೊಂಡ್ರಾ?' ರೈಟರ್ ಅಂದರೆ ತೋಟದ ಲೆಕ್ಕ ಬರೆಯುವವರು, ಅಲ್ಲೇ ಇದ್ದರು. ಅವರ ಮುಖ ನೋಡಬೇಕಿತ್ತು.

ಪ್ರಶ್ನೆ ಸರಿಯಾದದ್ದೇ. ಆ ನಂಬರಿಗೆ ಒಂದು ಸೊನ್ನೆ ಸೇರಿಸಿದರೆ ಆರೋಗ್ಯವಾಗಿರುವ ದೊಡ್ಡವರ ನಾಡಿಯ ಹತ್ತಿರ ಬರಲಿ ಅಂತ ಬೋರ್ಗ್ ಹಾಗೆ ಮಾಡಿದರು. 13 ಅಂದರೆ ಸುಮಾರು 130. ನನ್ನ ಹಾಗೆ ಮಾತ್ರೆ ನುಂಗುವವರಿಗೆ ಆ ಲೆಕ್ಕ ಕೂಡುವುದಿಲ್ಲ. ಆದರೆ ಸುಸ್ತಿನ ನಂಬರ್ ಆಗಲೂ ಕೆಲಸಕ್ಕೆ ಬರುತ್ತದೆ.

ಅಕ್ಕ ಮಧ್ಯಾಹ್ನ ತಂದ ಚೀಲ 30 ಕಿಲೋ. ನಾಡಿ 128. 'ಹನ್ನೆರಡು ಅಂತ ಬರ್ಕೊಳ್ಳಿ' ಅಂದರು. ಸಂಜೆ ಮತ್ತೆ ತಂದರು. ತಕ್ಕಡಿಯಲ್ಲಿ ಅದೇ 30 ಕಿಲೋ, ಒಂದರ್ಧ ಕಿಲೋ ಆಚೀಚೆ. ನಾಡಿ 132. ಹೆಚ್ಚುಕಮ್ಮಿ ಅದೇ. ಎಷ್ಟಕ್ಕಾ ಅಂದೆ. ಚೀಲ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಹದಿನೇಳು.' ಅದೇ ತೂಕ, ಅದೇ ದಾರಿ, ಅದೇ ಕತ್ತು. ರೈಟರ್ ಪುಸ್ತಕದಲ್ಲಿ ಎರಡು ಸಲವೂ 30 ಅಂತಲೇ ಬಿತ್ತು. ಆ 5ರ ವ್ಯತ್ಯಾಸ ಎಲ್ಲೂ ಬೀಳಲಿಲ್ಲ. ಕೇಳದೇ ಇದ್ದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ.

ಹಿಂದಿನ ಸಾಲಿನಿಂದ ಯಾರೋ ನಕ್ಕಿರಿ. ಗೊತ್ತು, 'ಕೇಳಿದರೆ ಎಲ್ಲರೂ 20 ಅಂತಲೇ ಹೇಳ್ತಾರೆ' ಅಂತ ತಾನೇ? ನಾನೂ ಹಾಗೇ ಅಂದುಕೊಂಡಿದ್ದೆ. ನಡೆದದ್ದು ಉಲ್ಟಾ. ರೈಟರ್ ಪಕ್ಕದಲ್ಲಿದ್ದಾಗ ಎಲ್ಲರೂ 11, 12 ಅನ್ನುತ್ತಿದ್ದರು. ಅವರು ಚಹಾಕ್ಕೆ ಹೋದ ಮೇಲೆ 15 ಆಯಿತು. ನಾಳೆ ಕೆಲಸಕ್ಕೆ ಕರೆಯದಿದ್ದರೆ ಅನ್ನುವ ಭಯ ಯಾರಿಗಿರಲ್ಲ? ಹಾಗಾಗಿ ಯಾರು ಕೇಳುತ್ತಾರೆ, ಎಲ್ಲಿ ನಿಂತು ಕೇಳುತ್ತಾರೆ ಅನ್ನುವುದೂ ಅಳತೆಯ ಭಾಗವೇ.

ಆ ಅಕ್ಕನ ಹತ್ತಿರ ಅವರದೇ ಪಟ್ಟಿ ಇತ್ತು. 'ಕೆಲವು ಹೊರೆ ಮಾತಾಡ್ಕೊಂಡು ಹೊರೋದು. ಕೆಲವು ಹೂಂ ಅಂತ ಮಾತ್ರ ಅನ್ನೋದು. ಕೆಲವಕ್ಕೆ ಅದೂ ಇಲ್ಲ.' ವ್ಯಾಯಾಮ ವಿಜ್ಞಾನದಲ್ಲಿ ಇದನ್ನು ಟಾಕ್ ಟೆಸ್ಟ್ ಅನ್ನುತ್ತಾರೆ. ಮಾತಾಡಬಹುದು, ಹಾಡಲು ಆಗದು ಅಂದರೆ ಮಧ್ಯಮ ಶ್ರಮ. ಒಂದೆರಡು ಪದಕ್ಕೇ ಉಸಿರು ಮುಗಿದರೆ ಜೋರು ಶ್ರಮ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ವಾಕಿಂಗ್ ಗೆಳೆಯರಿಗೆ ಇದು. ರಾಜಾಸೀಟ್‌ನಲ್ಲಿ ಕೂತು ರಾಜಕೀಯ ಮಾತಾಡಿದ ನಿಮಿಷಗಳನ್ನು ಸೇರಿಸಬೇಡಿ!

ಚೀಟಿ ಬಂತು. ಐದು ನಿಮಿಷ ಅಂತೆ. ಗರಿಷ್ಠ ನಾಡಿ ಎಷ್ಟು ಅಂತ 220ರಿಂದ ವಯಸ್ಸು ಕಳೆಯುವ ಲೆಕ್ಕದ ಬಗ್ಗೆ ಒಂದು ಭಾಗ ಇತ್ತು, ಅದನ್ನು ಹಾರಿಸುತ್ತೇನೆ. ಇಷ್ಟು ಸಾಕು: ಅದು ಬರೀ ಸರಾಸರಿ. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತು ಇಪ್ಪತ್ತು ಬಡಿತ ಆಚೀಚೆ ಇರಬಹುದು. ಬಿಸಿಲು, ಭಯ, ಎರಡು ಲೋಟ ಕಾಫಿ, ಎಲ್ಲವೂ ನಾಡಿ ಏರಿಸುತ್ತವೆ.

ಹಾಕಿ ಕೋಚ್‌ಗಳಿಗೆ ಒಂದೇ ಮಾತು. ನಮ್ಮ ಕೊಡವ ಕೌಟುಂಬಿಕ ಹಾಕಿ ಹಬ್ಬ 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಮೇಲೆ ಬೇಸಿಗೆ ಪೂರ್ತಿ ಮಕ್ಕಳು ಮೈದಾನದಲ್ಲೇ. ಒಳ್ಳೆಯದೇ. ಅಭ್ಯಾಸ ಮುಗಿದು ಅರ್ಧ ಗಂಟೆಗೆ ಮಗುವನ್ನು ಕೇಳಿ, ಇಲ್ಲಿ 6ರಿಂದ 20 ಬೇಡ, ಸೊನ್ನೆಯಿಂದ ಹತ್ತರಲ್ಲಿ ಇವತ್ತು ಎಷ್ಟು ಕಷ್ಟ ಆಯ್ತು? ಅದನ್ನು ನಿಮಿಷದಿಂದ ಗುಣಿಸಿ. 60 ನಿಮಿಷ, 7 ಅಂದರೆ 420, ಅದೇ ಅವತ್ತಿನ ಹೊರೆ. ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿ. ಅದೇ ಅಭ್ಯಾಸಕ್ಕೆ ಕಳೆದ ವಾರ 5 ಅಂದವನು ಈ ವಾರ 8 ಅಂದರೆ, ಅವತ್ತು ಅವನಿಗೆ ಇನ್ನೊಂದು ರೌಂಡ್ ಕೊಡಬೇಡಿ. ನಾನು ಕೊಡುತ್ತಿದ್ದೆ. ಸೋಮಾರಿ ಅಂತ ಬೈಯುತ್ತಲೂ ಇದ್ದೆ. ಆ ಹುಡುಗರಲ್ಲಿ ಇಬ್ಬರು ಇಲ್ಲೇ ಕೂತಿದ್ದಾರೆ, ನನ್ನನ್ನೇ ನೋಡುತ್ತಿದ್ದಾರೆ.

ಸರಿ, ಮೈಕ್ ಕೊಡುತ್ತೇನೆ. ಬೋರ್ಗ್ ಪಟ್ಟಿಯ ಕನ್ನಡ ಹಾಳೆ ಬಾಗಿಲ ಹತ್ತಿರದ ಮೇಜಿನ ಮೇಲಿದೆ, ತೋಟದವರು ಎರಡೆರಡು ತಗೊಳ್ಳಿ. ಊಟ ಮೇಲಿನ ಮಹಡಿಯಲ್ಲಿ. 32 ಮೆಟ್ಟಿಲು, ಬರುವಾಗ ಎಣಿಸಿದ್ದೇನೆ. ನನಗೆ 14 ಆಯಿತು. ನಿಮಗೆಷ್ಟು ಅಂತ ಅನ್ನ ಬಡಿಸುವ ಜಾಗದಲ್ಲಿ ಕೇಳುತ್ತೇನೆ.