ಪ್ರಿಂಟರ್ ಇಂಕ್ ಖರ್ಚು: ದುಡ್ಡು ಸೋರುವುದು ಎಲ್ಲಿ?

[ದೃಶ್ಯ: ಪ್ರಿಂಟರ್ ಪರದೆಯ ಮೇಲೆ ‘ಇಂಕ್ ಕಡಿಮೆಯಿದೆ’ ಎಂಬ ಸೂಚನೆ ಮಿನುಗುತ್ತಿದೆ]

ನಮಸ್ಕಾರ. ಈ ಸೂಚನೆ ಕಂಡ ಕೂಡಲೇ ನಾವು ಮಾಡುವ ಮೊದಲ ಕೆಲಸ ಅಗ್ಗದ ಕಾರ್ಟ್ರಿಡ್ಜ್ ಎಲ್ಲಿ ಸಿಗುತ್ತದೆ ಎಂದು ಹುಡುಕುವುದು, ಅಲ್ವಾ? ಅದಕ್ಕೂ ಮೊದಲು ಒಂದು ವಿಷಯ ನೋಡೋಣ. ನೀವು ದುಡ್ಡು ಕೊಟ್ಟು ತಂದ ಇಂಕ್‌ನಲ್ಲಿ ಒಂದು ಪಾಲು ಕಾಗದದ ಮೇಲೆ ಬೀಳುವುದೇ ಇಲ್ಲ. ಅದು ಎಲ್ಲಿ ಹೋಗುತ್ತದೆ?

[ದೃಶ್ಯ: ಪ್ರಿಂಟರ್ ಮುಚ್ಚಳ ತೆರೆದಿದೆ. ಹೆಡ್ ಒಂದು ಮೂಲೆಗೆ ಸರಿದು ನಿಲ್ಲುತ್ತದೆ]

ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಕಾಗದದ ಮೇಲೆ ಇಂಕ್ ಚಿಮ್ಮಿಸುವ ಭಾಗವೇ ಹೆಡ್. ಅದರಲ್ಲಿ ಕೂದಲಿಗಿಂತ ಸಣ್ಣ ತೂತುಗಳಿರುತ್ತವೆ. ಗಾಳಿ ತಾಗಿದರೆ ಅಲ್ಲಿರುವ ಇಂಕ್ ಒಣಗಿ ತೂತು ಕಟ್ಟಿಕೊಳ್ಳುತ್ತದೆ. ಅದನ್ನು ಬಿಡಿಸಲು ಪ್ರಿಂಟರ್ ತಾನೇ ಹೆಡ್ ಕ್ಲೀನಿಂಗ್ ಮಾಡುತ್ತದೆ. ಅಂದರೆ ಒಳ್ಳೆ ಇಂಕನ್ನೇ ತೂತುಗಳಿಂದ ಎಳೆದು, ಒಳಗಿರುವ ಸ್ಪಂಜಿನಂಥ ಪ್ಯಾಡ್‌ಗೆ ಸುರಿಯುತ್ತದೆ. ಆ ಇಂಕ್ ವಾಪಸ್ ಬರುವುದಿಲ್ಲ.

ಇಲ್ಲಿ ನಮ್ಮ ಒಂದು ಅಭ್ಯಾಸ ಜಾಸ್ತಿ ನಷ್ಟ ಮಾಡುತ್ತದೆ. ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುವುದು. ಪ್ರಿಂಟರ್‌ನ ಮೇಲಿರುವ ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ ಈ ಮೂಲೆಗೆ ಬಂದು, ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಆಗ ಗಾಳಿ ತಾಗುವುದಿಲ್ಲ. ನಡುವಲ್ಲೇ ಕರೆಂಟ್ ತೆಗೆದರೆ ಹೆಡ್ ತೆರೆದೇ ಉಳಿಯಬಹುದು. ಆದ್ದರಿಂದ ಮೊದಲು ಬಟನ್, ಸದ್ದು ಪೂರ್ತಿ ನಿಂತ ಮೇಲೆ ಗೋಡೆಯ ಸ್ವಿಚ್. ಇದಕ್ಕೆ ಖರ್ಚೇನೂ ಇಲ್ಲ. ಜೊತೆಗೆ ವಾರಕ್ಕೊಮ್ಮೆ ಎಲ್ಲ ಬಣ್ಣಗಳೂ ಇರುವ ಒಂದು ಚಿಕ್ಕ ಪುಟ ಪ್ರಿಂಟ್ ಮಾಡಿ. ಅದಕ್ಕೆ ಹೋಗುವ ಇಂಕ್ ಒಂದು ಕ್ಲೀನಿಂಗ್‌ಗಿಂತ ಎಷ್ಟೋ ಕಡಿಮೆ.

[ದೃಶ್ಯ: ನಾಝಲ್ ಚೆಕ್ ಹಾಳೆ, ಹತ್ತಿರದಿಂದ]

ಪ್ರಿಂಟ್‌ನಲ್ಲಿ ಗೆರೆ ಬಂತು ಅಂತ ಸುಮ್ನೆ ಕ್ಲೀನಿಂಗ್ ಒತ್ತಬೇಡಿ. ಮೊದಲು ನಾಝಲ್ ಚೆಕ್, ಅಂದರೆ ಆ ತೂತುಗಳನ್ನು ಪರೀಕ್ಷಿಸುವ ಹಾಳೆ ತೆಗೆಯಿರಿ. ಇಲ್ಲಿ ನೋಡಿ, ಕಪ್ಪು, ನೀಲಿ, ಹಳದಿ ಗೆರೆಗಳು ಪೂರ್ತಿ ಇವೆ. ಕೆಂಪಿನಲ್ಲಿ ಮಾತ್ರ ಎರಡು ಕಡೆ ತುಂಡಾಗಿದೆ. ಹೀಗಿದ್ದರೆ ಒಂದು ಸಲ ಕ್ಲೀನಿಂಗ್ ಮಾಡಿ, ಮತ್ತೆ ಹಾಳೆ ತೆಗೆದು ನೋಡಿ. ಎರಡು ಮೂರು ಸಲಕ್ಕೂ ಸರಿಹೋಗದಿದ್ದರೆ ಪ್ರಿಂಟರ್ ಆಫ್ ಮಾಡಿ ಕೆಲವು ಗಂಟೆ ಬಿಟ್ಟುಬಿಡಿ. ಗಟ್ಟಿಯಾದ ಇಂಕ್ ಅಷ್ಟರಲ್ಲಿ ಮೆತ್ತಗಾಗುವುದುಂಟು. ಗೆರೆಗಳೆಲ್ಲ ಸರಿಯಾಗಿದ್ದರೆ ತೊಂದರೆ ಬೇರೆ ಕಡೆ ಇದೆ, ಕ್ಲೀನಿಂಗ್ ಬೇಕಾಗಿಲ್ಲ.

ಇನ್ನು ಆ ‘ಇಂಕ್ ಕಡಿಮೆಯಿದೆ’ ಸೂಚನೆ. ಎಷ್ಟೋ ಪ್ರಿಂಟರ್‌ಗಳು ಒಳಗಿನ ಇಂಕನ್ನು ಅಳೆಯುವುದೇ ಇಲ್ಲ. ಎಷ್ಟು ಹನಿ ಹೊರಬಿತ್ತು ಎಂದು ಲೆಕ್ಕ ಇಟ್ಟು ಅಂದಾಜು ಹೇಳುತ್ತವೆ. ಹಾಗಾಗಿ ಅದು ಹೊಸದನ್ನು ತಂದಿಟ್ಟುಕೊಳ್ಳಿ ಎಂಬ ಮಾತು ಅಷ್ಟೇ. ಅಕ್ಷರ ಮಸುಕಾಗುವವರೆಗೆ, ಇಲ್ಲವೇ ಪ್ರಿಂಟರ್ ತಾನೇ ನಿಲ್ಲಿಸುವವರೆಗೆ ಬಳಸಿ. ಕಾರ್ಟ್ರಿಡ್ಜ್‌ನಲ್ಲೇ ಹೆಡ್ ಇರುವ ಮಾಡೆಲ್‌ಗಳಲ್ಲಿ ಇದಕ್ಕೆ ಭಯಪಡಬೇಕಿಲ್ಲ. ಹೆಡ್ ಪ್ರಿಂಟರ್‌ನಲ್ಲೇ ಇದ್ದರೆ, ಮಸುಕು ಕಂಡ ಮೇಲೂ ಎಳೆದಾಡಬೇಡಿ, ಒಳಗೆ ಗಾಳಿ ಸೇರಿಕೊಳ್ಳಬಹುದು.

[ದೃಶ್ಯ: ಕಂಪ್ಯೂಟರ್‌ನಲ್ಲಿ ಪ್ರಿಂಟ್ ಸೆಟ್ಟಿಂಗ್ಸ್]

ಸೆಟ್ಟಿಂಗ್ಸ್ ಬಗ್ಗೆ ಒಂದೇ ಎಚ್ಚರಿಕೆ. ‘ಗ್ರೇಸ್ಕೇಲ್’ ಆರಿಸಿದರೂ ಕೆಲವು ಪ್ರಿಂಟರ್‌ಗಳು ಬಣ್ಣದ ಇಂಕ್‌ಗಳನ್ನು ಬೆರೆಸಿಯೇ ಬೂದು ಬಣ್ಣ ಮಾಡುತ್ತವೆ. ‘ಕಪ್ಪು ಇಂಕ್ ಮಾತ್ರ’ ಎಂಬ ಆಯ್ಕೆ ಇದ್ದರೆ ಅದನ್ನೇ ಹಾಕಿ. ನಿಮಗಾಗಿ ಮಾತ್ರ ತೆಗೆಯುವ ಹಾಳೆಗೆ ಡ್ರಾಫ್ಟ್, ಅಂದರೆ ಕಡಿಮೆ ಇಂಕ್ ಬಳಸುವ ಆಯ್ಕೆ, ಸಾಕು.

[ದೃಶ್ಯ: ಎರಡು ಕಾರ್ಟ್ರಿಡ್ಜ್ ಪೆಟ್ಟಿಗೆಗಳು ಪಕ್ಕಪಕ್ಕದಲ್ಲಿ. ಒಂದರ ಮೇಲೆ ‘ಎಕ್ಸ್‌ಎಲ್’]

ಈಗ ಖರೀದಿ. ಪೆಟ್ಟಿಗೆಯ ಬೆಲೆ ನೋಡಬೇಡಿ, ಪುಟದ ಬೆಲೆ ನೋಡಿ. ಕಾರ್ಟ್ರಿಡ್ಜ್ ಎಷ್ಟು ಪುಟ ಬರುತ್ತದೆ ಎಂದು ಕಂಪನಿಗಳು ತಿಳಿಸುತ್ತವೆ. ಬಣ್ಣದ ಇಂಕ್‌ಜೆಟ್‌ಗಳಿಗೆ ಈ ಲೆಕ್ಕ ಹಾಕುವ ವಿಧಾನಕ್ಕೆ ಐಎಸ್ಒ/ಐಇಸಿ 24711 ಎಂಬ ಮಾನದಂಡವೇ ಇದೆ. ಬೆಲೆಯನ್ನು ಆ ಪುಟಗಳಿಂದ ಭಾಗಿಸಿ. ಎಕ್ಸ್‌ಎಲ್, ಅಂದರೆ ಜಾಸ್ತಿ ಇಂಕ್ ಇರುವ ಕಾರ್ಟ್ರಿಡ್ಜ್‌ನ ಬೆಲೆ ಮಾಮೂಲಿಯದರ ಒಂದೂವರೆ ಪಟ್ಟು, ಪುಟಗಳು ಎರಡೂವರೆ ಪಟ್ಟು ಎಂದುಕೊಳ್ಳಿ. ಆಗ ಪುಟದ ಖರ್ಚು ಶೇಕಡಾ 40ರಷ್ಟು ಇಳಿಯಿತು. ಆದರೆ ಆ ಪರೀಕ್ಷೆಯಲ್ಲಿ ಒಂದೇ ಸಮನೆ ಪ್ರಿಂಟ್ ಮಾಡಿಸುತ್ತಾರೆ. ಅಪರೂಪಕ್ಕೆ ಬಳಸುವ ಮನೆಯಲ್ಲಿ ಕ್ಲೀನಿಂಗ್‌ಗೇ ಇಂಕ್ ಹೋಗುವುದರಿಂದ ಅಷ್ಟು ಪುಟ ಬರುವುದಿಲ್ಲ. ಮೂರು ಬಣ್ಣ ಒಂದರಲ್ಲೇ ಇರುವ ಕಾರ್ಟ್ರಿಡ್ಜ್ ಇನ್ನೊಂದು ನಷ್ಟ. ಹಳದಿ ಖಾಲಿಯಾದರೆ ಉಳಿದ ಎರಡನ್ನೂ ಅದರ ಜೊತೆ ಎಸೆಯಬೇಕು.

ಬೇರೆ ಕಂಪನಿಯ ಕಂಪ್ಯಾಟಿಬಲ್ ಕಾರ್ಟ್ರಿಡ್ಜ್ ಅಥವಾ ರೀಫಿಲ್ ಬಳಸಬಹುದಾ? ನನ್ನ ಪ್ರಕಾರ ಇದಕ್ಕೆ ಉತ್ತರ ಹೆಡ್ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಕಾರ್ಟ್ರಿಡ್ಜ್‌ನಲ್ಲಿದ್ದರೆ ಧೈರ್ಯವಾಗಿ ಪ್ರಯತ್ನಿಸಿ. ಕೆಟ್ಟ ಇಂಕ್‌ನಿಂದ ತೂತು ಕಟ್ಟಿದರೂ ಹೊಸ ಕಾರ್ಟ್ರಿಡ್ಜ್ ಜೊತೆ ಹೊಸ ಹೆಡ್ ಬರುತ್ತದೆ. ಪ್ರಿಂಟರ್‌ನಲ್ಲಿದ್ದರೆ ಹೆಡ್ ಹೋದಾಗ ಪ್ರಿಂಟರೇ ಹೋದಂತೆ, ಅಲ್ಲಿ ತೀರಾ ಅಗ್ಗದ್ದಕ್ಕೆ ಕೈ ಹಾಕಬೇಡಿ. ಚಿಪ್ ವಿಷಯವೂ ಇದೆ. ಎಷ್ಟೋ ಪ್ರಿಂಟರ್‌ಗಳು ಕಾರ್ಟ್ರಿಡ್ಜ್‌ನ ಮೇಲಿರುವ ಚಿಪ್ ನೋಡಿಯೇ ಅದನ್ನು ಒಪ್ಪುವುದು. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಹಲವು ಆಫೀಸ್‌ಜೆಟ್ ಪ್ರಿಂಟರ್‌ಗಳು ಬೇರೆಯವರ ಕಾರ್ಟ್ರಿಡ್ಜ್‌ಗಳನ್ನು ಒಮ್ಮೆಲೇ ತಿರಸ್ಕರಿಸಿದವು. ಕಾರಣ ಫರ್ಮ್‌ವೇರ್, ಅಂದರೆ ಪ್ರಿಂಟರ್ ಒಳಗೇ ಇರುವ ಸಾಫ್ಟ್‌ವೇರ್. ಜನ ಸಿಟ್ಟಾದ ಮೇಲೆ ಆ ತಡೆ ತೆಗೆಯುವ ಇನ್ನೊಂದು ಫರ್ಮ್‌ವೇರನ್ನು ಕಂಪನಿ ಕೊಡಬೇಕಾಯಿತು. ಆದ್ದರಿಂದ ಕಂಪ್ಯಾಟಿಬಲ್ ಕೊಳ್ಳುವ ಮುನ್ನ ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಕೇಳಿ.

[ದೃಶ್ಯ: ಇಂಕ್ ಟ್ಯಾಂಕ್‌ಗೆ ಬಾಟಲಿಯಿಂದ ಇಂಕ್ ತುಂಬುತ್ತಿರುವುದು]

ತಿಂಗಳಿಗೆ ನೂರಾರು ಪುಟ ಪ್ರಿಂಟ್ ಮಾಡುವವರಿಗೆ ಈ ಉಪಾಯಗಳು ಸಾಲುವುದಿಲ್ಲ. ಅವರು ಮುಂದಿನ ಸಲ ಟ್ಯಾಂಕ್ ಪ್ರಿಂಟರ್ ನೋಡಲಿ. ಕೊಳ್ಳುವಾಗ ಬೆಲೆ ಜಾಸ್ತಿ, ಆಮೇಲೆ ಬಾಟಲಿ ಇಂಕ್‌ನಲ್ಲಿ ಪುಟದ ಖರ್ಚು ತುಂಬಾ ಕಡಿಮೆ. ತಿಂಗಳುಗಟ್ಟಲೆ ಮುಟ್ಟದೆ, ಬೇಕಾದಾಗ ಕಪ್ಪು ಅಕ್ಷರ ಮಾತ್ರ ತೆಗೆಯುವವರಿಗೆ ಲೇಸರ್ ಪ್ರಿಂಟರ್ ಒಳ್ಳೆಯದು. ಟೋನರ್ ಅಂದರೆ ಪುಡಿ, ಅದು ಒಣಗುವ ಪ್ರಶ್ನೆಯೇ ಇಲ್ಲ.