ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟರೂ ಸಂಬಳ ಯಾಕೆ ಕಟ್ಟಾಯಿತು?

[ಪರದೆಯಲ್ಲಿ: ಸಂಬಳದ ಚೀಟಿ. ‘ಇಎಸ್‌ಐ’ ಎಂಬ ಸಾಲಿನ ಸುತ್ತ ಕೆಂಪು ಗೆರೆ]

ಪೀಣ್ಯದ ಒಂದು ಗಾರ್ಮೆಂಟ್ಸ್ ಅಂತ ಇಟ್ಟುಕೊಳ್ಳಿ. ಅಲ್ಲಿ ಕೆಲಸ ಮಾಡುವ ಅಕ್ಕನಿಗೆ ಏಳು ದಿನ ಜ್ವರ. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಇಂಜೆಕ್ಷನ್, ಮಾತ್ರೆ, ಜೊತೆಗೊಂದು ಮೆಡಿಕಲ್ ಸರ್ಟಿಫಿಕೇಟ್. ಅದನ್ನು ಎಚ್‌ಆರ್‌ಗೆ ಕೊಟ್ಟದ್ದೂ ಆಯಿತು. ತಿಂಗಳ ಕೊನೆಗೆ ನೋಡಿದರೆ ಏಳು ದಿನದ ಸಂಬಳವೇ ಇಲ್ಲ! ಕೇಳಿದರೆ, ‘ಅದು ರಜೆಗೆ ಆಯ್ತಮ್ಮ, ದುಡ್ಡಿಗಲ್ಲ’ ಎನ್ನುತ್ತಾರೆ.

ಕೋಪ ಬರುತ್ತದೆ, ಅಲ್ವಾ? ಆದರೆ ಎಚ್‌ಆರ್ ಹೇಳಿದ್ದು ಸುಳ್ಳಲ್ಲ. ಅರ್ಧ ಮಾತ್ರ ಹೇಳಿದರು. ಉಳಿದರ್ಧ ಕೇಳಿ.

ಫ್ಯಾಕ್ಟರಿ ಕಾನೂನಿನಲ್ಲಿ ಕಾಯಿಲೆಗೆ ಅಂತಲೇ ಬೇರೆ ಸಂಬಳದ ರಜೆ ಇಲ್ಲ. 20 ದಿನ ದುಡಿದರೆ ಒಂದು ಇಎಲ್ (ದುಡಿದು ಗಳಿಸುವ ಸಂಬಳದ ರಜೆ), ಅಷ್ಟೇ. ಹುಷಾರಿಲ್ಲದಾಗ ದುಡ್ಡು ಬರುವುದು ಇಎಸ್‌ಐ ನಿಗಮದಿಂದ, ಅಂದರೆ ಸರ್ಕಾರದ ಕಾರ್ಮಿಕ ವಿಮಾ ಸಂಸ್ಥೆಯಿಂದ, ಕಂಪನಿಯಿಂದಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. ನಿಮ್ಮಿಂದ 0.75%, ಮಾಲೀಕರಿಂದ 3.25% ಪ್ರತಿ ತಿಂಗಳೂ ಅಲ್ಲಿಗೆ ಹೋಗುತ್ತಿದೆ. ಚೀಟಿಯ ಆ ಸಾಲು ಅದೇ.

[ಪರದೆಯಲ್ಲಿ: 15,000 → ದಿನಕ್ಕೆ 500 → 70% = 350]

ಲೆಕ್ಕ ಹಾಕೋಣ. ಸಂಬಳ 15,000 ಅಂದರೆ ದಿನಕ್ಕೆ ಸುಮಾರು 500. ಅದರ 70%, ಅಂದರೆ 350 ರೂಪಾಯಿ ದಿನಕ್ಕೆ ಸಿಗುತ್ತದೆ. ಮೊದಲ ಎರಡು ದಿನಕ್ಕೆ ಏನೂ ಇಲ್ಲ. ಹಾಗಾಗಿ ಏಳು ದಿನದ ಜ್ವರಕ್ಕೆ ಐದು ದಿನದ ಹಣ, 1,750 ರೂಪಾಯಿ. ವರ್ಷಕ್ಕೆ ಹೆಚ್ಚೆಂದರೆ 91 ದಿನ. ಹದಿನೈದು ದಿನದೊಳಗೆ ಜ್ವರ ಮತ್ತೆ ಮರುಕಳಿಸಿದರೆ ಆ ಎರಡು ದಿನದ ಕಡಿತ ಎರಡನೇ ಸಲ ಇರುವುದಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಇದಕ್ಕೆ ಒಂದು ಷರತ್ತಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ 78 ದಿನದ ವಂತಿಗೆ ಕಟ್ಟಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಈ ಹಣ ಕೇಳಬಹುದು. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದ್ದು ಜುಲೈಯಿಂದ ಡಿಸೆಂಬರ್‌ಗೆ.

ಈಗ ಆ ಸರ್ಟಿಫಿಕೇಟ್ ವಿಷಯ. ನಿಗಮಕ್ಕೆ ಬೇಕಾದ್ದು ಇಎಸ್‌ಐ ಡಾಕ್ಟರು ಬರೆದದ್ದು. ಬೇರೆ ಡಾಕ್ಟರ ಪತ್ರವನ್ನು ಒಪ್ಪಲೂಬಹುದು, ಆದರೆ ಅದು ಅವರ ತೀರ್ಮಾನ. ತುರ್ತಾಗಿ ಖಾಸಗಿ ಆಸ್ಪತ್ರೆಗೆ ಸೇರಿದ್ದರೆ ಡಿಸ್ಚಾರ್ಜ್ ಕಾಗದ, ಬಿಲ್ಲು ಎಲ್ಲ ಜೋಪಾನವಾಗಿಟ್ಟು ಇಎಸ್‌ಐ ಡಾಕ್ಟರಿಗೆ ತೋರಿಸಿ. ಬರೀ ನೆಗಡಿ ಜ್ವರಕ್ಕೆ ಬೇರೆ ಡಾಕ್ಟರ ಪತ್ರ ಒಪ್ಪುತ್ತಾರೆ ಅಂತ ನಂಬಿಕೊಳ್ಳಬೇಡಿ.

ನೈಟ್ ಶಿಫ್ಟ್‌ನವರು ಎಡವುವುದು ಇಲ್ಲೇ. ಬೆಳಿಗ್ಗೆ ಆರಕ್ಕೆ ಶಿಫ್ಟ್ ಬಿಡುತ್ತದೆ, ಮೈ ಸುಡುತ್ತಿರುತ್ತದೆ. ಮನೆಗೆ ಬಂದು ಮಲಗಿದರೆ ಏಳುವಷ್ಟರಲ್ಲಿ ಇಎಸ್‌ಐ ಡಿಸ್ಪೆನ್ಸರಿ ಬಾಗಿಲು ಹಾಕಿರುತ್ತದೆ. ನಾಳೆ ನೋಡೋಣ ಅಂತೀರಿ. ಡಾಕ್ಟರು ಸಾಮಾನ್ಯವಾಗಿ ಬರೆಯುವುದು ತಾವು ನೋಡಿದ ದಿನದಿಂದ. ನಿನ್ನೆಯ ತಾರೀಖು ಹಾಕಿ ಅಂದರೆ ಸುಮ್ನೆ ಜಗಳ. ಕಷ್ಟವೇ, ಆದರೂ ಮಲಗುವ ಮೊದಲು ಒಮ್ಮೆ ಹೋಗಿ ಬನ್ನಿ.

[ಪರದೆಯಲ್ಲಿ: ಎರಡು ಕಾಗದ. ‘ಮೊದಲನೆಯದು’, ‘ಕೊನೆಯದು’]

ಮೊದಲ ಸರ್ಟಿಫಿಕೇಟ್ ಹುಷಾರಿಲ್ಲ ಅನ್ನುವುದಕ್ಕೆ. ಕೊನೆಯದು ಕೆಲಸಕ್ಕೆ ಹೋಗಬಹುದು ಅನ್ನುವುದಕ್ಕೆ. ಜ್ವರ ಬಿಟ್ಟ ಖುಷಿಯಲ್ಲಿ ಎರಡನೆಯದನ್ನು ತರದೆ ನೇರ ಗೇಟಿಗೆ ಹೋಗಬೇಡಿ. ಕ್ಲೇಮ್ ಪಾಸಾದರೆ ಹಣ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ.

ಮಾಲ್, ಶೋರೂಂ, ಕಾಲ್ ಸೆಂಟರ್‌ನವರ ಕಥೆ ಬೇರೆ. ಕರ್ನಾಟಕದ 1961ರ ಅಂಗಡಿ ಕಾಯ್ದೆಯಲ್ಲಿ ಕಾಯಿಲೆಗೆ ವರ್ಷಕ್ಕೆ 12 ದಿನದವರೆಗೆ ಸಂಬಳದ ರಜೆ ಇದೆ. ಅದನ್ನು ಕೊಡಬೇಕಾದ್ದು ಕಂಪನಿಯೇ. ಆದರೆ ಒಂದೇ ದಿನಕ್ಕೆ ಕಂಪನಿಯ ರಜೆ ಸಂಬಳ, ಇಎಸ್‌ಐ ಹಣ ಎರಡೂ ಬರುವುದಿಲ್ಲ. ನನ್ನ ಕೇಳಿದರೆ, ಇಎಸ್‌ಐ ಕೊಡದ ಆ ಮೊದಲ ಎರಡು ದಿನಕ್ಕೆ ಸಂಬಳದ ರಜೆ ಹಾಕಲು ಆಗುತ್ತದಾ ಅಂತ ಎಚ್‌ಆರ್ ಹತ್ತಿರ ಕೇಳಿ ನೋಡಿ.